ಸೋರುವ ಎಂಜಿನ್ನಿಗೊಂದು ಬೆಣೆ

ಸಭೆಯಲ್ಲಿ ಒಬ್ಬ ಕೈ ಎತ್ತಿದ ಎಂದರೆ ಅವನಿಗೆ ಉತ್ತರ ಗೊತ್ತು ಎಂದು ತಿಳಿಯುವುದು ದೊಡ್ಡ ಅಧಿಕಾರಿಗಳ ಸ್ವಭಾವ. ಬೇರೆ ಯಾವುದಕ್ಕೋ ಕೈ ಎತ್ತಿ ಕೆಲಸಕ್ಕೆ ಸಿಕ್ಕಿಬೀಳುವುದು ಸಣ್ಣ ನೌಕರರ ಹಣೆಬರಹ. ಇವೆರಡೂ ಒಂದೇ ಕೋಣೆಯಲ್ಲಿ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ನೀರು ಸರಬರಾಜು ಕಚೇರಿಯ ವಾಷರಪ್ಪನೇ ಸಾಕ್ಷಿ.

ವಾಷರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನಲ್ಲಿ, ಪೈಪು ರಿಪೇರಿ ಮಾಡುವ ಅವನ ಜೇಬಿನಲ್ಲಿ ಯಾವಾಗಲೂ ರಬ್ಬರ್ ವಾಷರುಗಳು ತುಂಬಿರುತ್ತಿದ್ದವು. ಚಿಲ್ಲರೆ ಎಂದುಕೊಂಡು ಅವನ್ನೇ ಬಸ್ ಕಂಡಕ್ಟರಿಗೆ ಕೊಟ್ಟು ಬೈಸಿಕೊಂಡದ್ದೂ ಉಂಟು. ಎಲ್ಲಾದರೂ ನೀರು ತೊಟ್ಟಿಕ್ಕುವ ಸದ್ದು ಕೇಳಿದರೆ ಸಾಕು, ಅವನಿಗೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ತನ್ನ ಮದುವೆಯ ದಿನ ಎಲ್ಲರೂ ಮದುಮಗನನ್ನು ಹುಡುಕುತ್ತಿದ್ದರೆ, ಅವನು ಹೆಣ್ಣಿನ ಮನೆಯ ಬಚ್ಚಲಲ್ಲಿ ನಲ್ಲಿ ಬಿಚ್ಚಿಕೊಂಡು ಕೂತಿದ್ದ. ಅತ್ತೆ ಅದನ್ನು ಇವತ್ತಿಗೂ ಮರೆತಿಲ್ಲ; ಬೇರೆಯವರಿಗೆ ಮರೆಯಲೂ ಬಿಟ್ಟಿಲ್ಲ.

ಊರಿಗೆ ನೀರು ಕೊಡುವ ದೊಡ್ಡ ಕೆರೆಯ ನಡುವೆ ಒಂದು ಕಲ್ಲಿನ ಗೋಪುರ. ಅದರೊಳಗಿನ ತೂಬನ್ನು ತೆಗೆದು ಮುಚ್ಚಲು ದಿನವೂ ಯಾರಾದರೂ ಅಲ್ಲಿಗೆ ಹೋಗಲೇಬೇಕು. ಅದುವರೆಗೆ ಹುಟ್ಟು ಹಾಕಿಕೊಂಡು ಹೋಗುತ್ತಿದ್ದರು. ಈಗ ಕಚೇರಿ, ಬೆನ್ನಿಗೆ ಎಂಜಿನ್ ಕಟ್ಟಿಕೊಂಡ ಒಂದು ದೋಣಿಯನ್ನು ತರಿಸಿತ್ತು. ದೋಣಿಯೇನೋ ಬಂತು, ನಡೆಸುವವರು ಇರಲಿಲ್ಲ. ಆದ್ದರಿಂದ ಎಂಜಿನಿಯರ್ ಸಾಹೇಬರು ಸಭೆ ಕರೆದು, ಯಂತ್ರದ ದೋಣಿ ನಡೆಸಲು ಬರುವವರು ಯಾರಾದರೂ ಇದ್ದೀರಾ ಎಂದು ಕೇಳಿದರು.

ಸರಿಯಾಗಿ ಅದೇ ಹೊತ್ತಿಗೆ, ಸಾಹೇಬರ ತಲೆಯ ಮೇಲೆ ಹಾದುಹೋಗಿದ್ದ ಪೈಪಿನ ಜಾಯಿಂಟಿನಲ್ಲಿ ಒಂದು ಹನಿ ನೀರು ಮೂಡಿ, ದಪ್ಪಗಾಗಿ, ಜೋತಾಡತೊಡಗಿತು. ವಾಷರಪ್ಪ ತಡೆಯಲಾರದೆ ಕೈ ಎತ್ತಿದ. ಇಡೀ ಕೋಣೆ ಚಪ್ಪಾಳೆ ತಟ್ಟಿತು.

"ಸರ್, ಹಾಗಲ್ಲ. ಮೇಲೆ..." ಎಂದ.

"ಮೇಲಿನವರಿಗೆ ನಾನು ಹೇಳ್ತೀನಿ. ನೀವು ಧೈರ್ಯವಾಗಿರಿ" ಎಂದರು ಸಾಹೇಬರು. ಹನಿ ಅವರ ನೆತ್ತಿಯ ಮೇಲೆ ಬಿತ್ತು. ಅವರು ಅದನ್ನು ಬೆವರೆಂದು ಒರೆಸಿಕೊಂಡು ಸಭೆ ಮುಗಿಸಿದರು.

ನಿಜ ಹೇಳಿಬಿಡಬೇಕೆಂದು ವಾಷರಪ್ಪ ಮನೆಗೆ ಬಂದರೆ, ಸುದ್ದಿ ಅವನಿಗಿಂತ ಮೊದಲೇ ಚಪ್ಪಲಿ ಬಿಟ್ಟು ಒಳಗೆ ಕೂತಿತ್ತು. ಹೆಂಡತಿಯ ಮುಖದಲ್ಲಿ ಬಹಳ ದಿನಗಳಿಂದ ಕಾಣದಿದ್ದ ಕಳೆ. ಅದಕ್ಕೆ ಕಾರಣವಿತ್ತು. ವಾಷರಪ್ಪನ ಮೊಣಕಾಲು ಸವೆದು, ಪೈಪಿನ ಗುಂಡಿಗೆ ಇಳಿದರೆ ಇಬ್ಬರು ಹಿಡಿದು ಮೇಲೆತ್ತಬೇಕಾಗುತ್ತಿತ್ತು. ಹಾಗಾದವರನ್ನು ಕಚೇರಿ ಗುಡ್ಡದ ಮೇಲಿನ ಟ್ಯಾಂಕಿನ ಕಾವಲಿಗೆ ಹಾಕುತ್ತಿತ್ತು. ಅಲ್ಲಿಗೆ ಹೋದವನು ಅಲ್ಲೇ ಇರಬೇಕು. ರಜೆ ಸಿಕ್ಕಾಗ ಮನೆ. ದೋಣಿಯಾದರೆ ಕೂತು ಮಾಡುವ ಕೆಲಸ, ಸಂಜೆಗೆ ಮನೆ.

"ಗುಡ್ಡಕ್ಕೆ ಹೋದ್ರೆ ನಿಮಗೆ ಟ್ಯಾಂಕು, ನನಗೆ ಗೋಡೆ, ಮಾತಾಡೋಕೆ" ಎಂದಳು ಹೆಂಡತಿ. "ದೇವರೇ ನಿಮ್ಮ ಕೈ ಎತ್ತಿಸಿದ್ದಾನೆ. ಇಳಿಸಬೇಡಿ."

ಹೀಗಾಗಿ ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು.

ದೋಣಿ ಮಾರಿದ ಕಂಪನಿಯವನೊಬ್ಬ ಕಲಿಸಿಕೊಡಲು ಬಂದ. ಮಾತು ನಲ್ಲಿಯಿಂದ ಬಿಟ್ಟ ನೀರಿನ ಹಾಗೆ. ನಿಲ್ಲಿಸುವ ತಿರುಪು ಅವನಲ್ಲಿ ಇರಲಿಲ್ಲ. ವಾಷರಪ್ಪ ದೋಣಿಯಲ್ಲಿ ಕೂತು ತಲೆಯಾಡಿಸಿದ. ಊಟದ ಡಬ್ಬಿ ತಂದಿದ್ದ ಹೆಂಡತಿ ದಡದ ಮರದ ಕೆಳಗೆ ಕೂತು ಒಂದೊಂದು ಮಾತನ್ನೂ ಕಿವಿಗೆ ಹಾಕಿಕೊಂಡಳು. ಕೊನೆಗೆ ಖಾಲಿ ಡಬ್ಬಿ ತೆಗೆದುಕೊಂಡು ಅವಳು ಹೊರಟುಹೋದ ಮೇಲೆ ಕಂಪನಿಯವನು ಎಂಜಿನ್ ಶುರು ಮಾಡಿ ತೋರಿಸಿದ. ಆಗ ಎಂಜಿನ್ನಿನ ಪಕ್ಕದ ಒಂದು ಸಣ್ಣ ತೂತಿನಿಂದ ನೀರು ಎಳೆಯಾಗಿ ಚಿಮ್ಮಿ ಕೆರೆಗೆ ಬೀಳತೊಡಗಿತು. ಕಂಪನಿಯವನು ಅದರ ವಿಷಯವಾಗಿಯೇ ಏನೇನೋ ಹೇಳುತ್ತಿದ್ದ. ವಾಷರಪ್ಪನಿಗೆ ಒಂದೂ ಕೇಳಿಸಲಿಲ್ಲ. ಹೊಚ್ಚ ಹೊಸ ಎಂಜಿನ್ನು ಸೋರುತ್ತಿದೆ, ಮಾರಿದವನಿಗೆ ನಾಚಿಕೆಯೇ ಇಲ್ಲ ಎಂದು ಅವನ ಕಣ್ಣು ಆ ಎಳೆಗೇ ಅಂಟಿಕೊಂಡಿತ್ತು.

ಕಂಪನಿಯವನು ಕೈಕುಲುಕಿ ಹೋದ. ಇನ್ನು ಅಧಿಕಾರಿಯೊಬ್ಬರು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ದೋಣಿ ಅವನ ಕೈಗೆ. ವಾಷರಪ್ಪ ಮನೆಗೆ ಬಂದು, ಪಾಠದಲ್ಲಿ ಒಂದಕ್ಷರವೂ ನೆನಪಿಲ್ಲ ಎಂದು ಒಪ್ಪಿಕೊಂಡ. ಹೆಂಡತಿ ನಿಟ್ಟುಸಿರು ಬಿಡಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಹಿತ್ತಲಿನಲ್ಲಿ ಮಣೆ ಹಾಕಿ ಕೂತು, ಎಂಜಿನ್ ಶುರು ಮಾಡಲು ಎಳೆಯುವ ಹಗ್ಗದ ಬದಲಿಗೆ ಸೊಂಟಕ್ಕೆ ಒಂದು ಟವೆಲ್ ಸಿಕ್ಕಿಸಿಕೊಂಡು, "ಈಗ ನಾನೇ ಎಂಜಿನ್ನು. ಶುರು ಮಾಡಿ ನೋಡೋಣ" ಎಂದಳು.

ವಾಷರಪ್ಪ ಟವೆಲ್ ಎಳೆದ. ಎಂಜಿನ್ನು ಅಲುಗಾಡಲಿಲ್ಲ.

"ಯಾಕೆ?"

"ಟ್ಯಾಂಕಿನ ಮುಚ್ಚಳದಲ್ಲಿರೋ ಗಾಳಿ ತಿರುಪು ಬಿಚ್ಚಿಲ್ಲ ನೀವು. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಹೇಗೆ ಬರುತ್ತೆ?"

ತಿರುಪು ಬಿಚ್ಚಿದ್ದಾಯಿತು. ಮುಂದೆ, ಪೆಟ್ರೋಲ್ ಕೊಳವೆಯ ನಡುವೆ ಇರುವ ರಬ್ಬರ್ ಗುಂಡನ್ನು ಗಟ್ಟಿಯಾಗುವವರೆಗೆ ಹಿಸುಕಬೇಕು. ಗುಂಡಿನ ಬದಲಿಗೆ ಹೆಂಡತಿ ಒಂದು ಟೊಮೇಟೊ ಕೊಟ್ಟಿದ್ದಳು. ವಾಷರಪ್ಪ ಜೀವನವಿಡೀ ಸ್ಪ್ಯಾನರ್ ಹಿಡಿದ ಕೈಯಿಂದ ಹಿಸುಕಿದ. ಅದು ಗಟ್ಟಿಯಾಗಲಿಲ್ಲ, ಹೆಂಡತಿಯ ಸೀರೆಯ ಮೇಲೆ ಹೋಗಿ ಬಿತ್ತು.

"ಪೆಟ್ರೋಲ್ ಚೆಲ್ಲಿದಿರಿ" ಎಂದಳು ಎಂಜಿನ್ನು, ಕೂತಲ್ಲಿಂದ ಕದಲದೆ. "ಒರೆಸಿ. ವಾಸನೆ ಪೂರ್ತಿ ಹೋಗೋವರೆಗೂ ನನ್ನನ್ನ ಮುಟ್ಟಬೇಡಿ. ಒಂದು ಕಿಡಿ ಸಾಕು, ಇಬ್ರೂ ಹೊಗೆ."

ಹೀಗೆ ದಿನಗಟ್ಟಲೆ ನಡೆಯಿತು. ಲೈಫ್ ಜಾಕೆಟ್ ಹಾಕದಿದ್ದರೆ ಎಂಜಿನ್ನು ಮಾತಾಡುತ್ತಿರಲಿಲ್ಲ. ಹಿಂದೆ ನೀರಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡದಿದ್ದರೆ ಮುಖ ತಿರುಗಿಸಿಕೊಳ್ಳುತ್ತಿತ್ತು. ಎಂಜಿನ್ನಿಗೆ ಸಿಕ್ಕಿಸುವ ಕೆಂಪು ದಾರದ ಇನ್ನೊಂದು ತುದಿ ನಡೆಸುವವನ ಮಣಿಕಟ್ಟಿಗೇ ಇರಬೇಕು, ಅವನು ಬಿದ್ದರೆ ದಾರ ಕಿತ್ತು ಎಂಜಿನ್ ತಾನಾಗಿ ನಿಲ್ಲುತ್ತದೆ ಎಂಬುದನ್ನು ಅವಳು ಊಟ ಬಡಿಸುವಾಗಲೂ ಕೇಳಿ ಒಪ್ಪಿಸಿಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಕಷ್ಟವಾದದ್ದು ಗೇರು. ಅದನ್ನು ನಡುವಿನ ನ್ಯೂಟ್ರಲ್‌ಗೆ ತರುವುದನ್ನು ವಾಷರಪ್ಪ ಮತ್ತೆ ಮತ್ತೆ ಮರೆಯುತ್ತಿದ್ದ.

ಒಂದು ಸಂಜೆ ಪಕ್ಕದ ಮನೆಯಾಕೆ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದಾಗ ಈ ಕಡೆಯಿಂದ ಕೇಳಿಸಿತು: "ಎಳೆಯಬೇಡಿ. ಗೇರಲ್ಲಿದ್ದೀನಿ ನಾನು. ಈಗ ಎಳೆದ್ರೆ ಹಾರಿ ನಿಮ್ಮ ಮೇಲೇ ಬೀಳ್ತೀನಿ." ಆಕೆ ಮೆಲ್ಲಗೆ ಇಣುಕಿದರೆ, ಗಂಡ ಕಿತ್ತಳೆ ಬಣ್ಣದ ದಪ್ಪ ಕೋಟು ತೊಟ್ಟು ಹೆಂಡತಿಯ ಸೊಂಟದ ಟವೆಲ್ ಹಿಡಿದು ನಿಂತಿದ್ದಾನೆ, ಹೆಂಡತಿಯ ಮೈಮೇಲೆಲ್ಲ ಕೆಂಪು. ಒಣಹಾಕದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಸುದ್ದಿ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಟವೆಲ್ಲು ಹಗ್ಗವಾಗಿ, ಟೊಮೇಟೊ ರಕ್ತವಾಗಿ, ವಾಷರಪ್ಪನಿಗೆ ತಲೆ ಕೆಟ್ಟಿತ್ತು.

ಮಾರನೆಯ ದಿನ ಅತ್ತೆ ಬಂದಿಳಿದರು. ಒಬ್ಬರೇ ಅಲ್ಲ, ಪಂಚಾಯಿತಿಗೆಂದು ದೊಡ್ಡ ಅಳಿಯನನ್ನೂ ಕರೆತಂದಿದ್ದರು.

ದೊಡ್ಡ ಅಳಿಯ, ಅಂದರೆ ವಾಷರಪ್ಪನ ಷಡ್ಡಕ, ಬಸ್ ಡ್ರೈವರು. ಮನೆಯವರಿಗೆಲ್ಲ ಬಸ್ ಭಾವ. ಅತ್ತೆಯ ದೃಷ್ಟಿಯಲ್ಲಿ ಲೋಕದಲ್ಲಿ ಎರಡು ಜಾತಿಯ ಗಂಡಸರು: ಅಷ್ಟೊಂದು ಜನರನ್ನು ಹೊತ್ತು ಎಂಜಿನ್ ಓಡಿಸುವವರು ಒಂದು, ಉಳಿದವರು ಇನ್ನೊಂದು. ದೊಡ್ಡವನನ್ನು "ನಮ್ಮ ಅಳಿಯಂದಿರು" ಎಂದು ಬಹುವಚನದಲ್ಲಿ ಕರೆಯುವರು. ವಾಷರಪ್ಪನನ್ನು ಯಾರಿಗಾದರೂ ಪರಿಚಯಿಸಬೇಕಾಗಿ ಬಂದರೆ "ಇವನು ನಲ್ಲಿಯವನು" ಎನ್ನುವರು. ಕೇಳಿದವರು ರಿಪೇರಿಗೆ ಬಂದವನಿರಬೇಕೆಂದು ತಮ್ಮ ಮನೆಗೂ ಕರೆಯುವರು.

ವಿಷಯ ದೋಣಿ ಎಂದು ತಿಳಿದಾಗ ಅತ್ತೆಗೆ ಕೋಪಕ್ಕಿಂತ ನಗು ಬಂತು. ಬಸ್ ಭಾವ ಕಾಲ ಮೇಲೆ ಕಾಲು ಹಾಕಿ ಕೂತ.

"ಎಂಜಿನ್ ಅಂದ್ರೆ ಎಂಜಿನ್ನೇ, ತಮ್ಮಾ. ರೋಡಲ್ಲಿ ಓಡೋದೂ ಅದೇ, ನೀರಲ್ಲಿ ಓಡೋದೂ ಅದೇ. ನೀನು ಹೆದರಬೇಡ, ಪರೀಕ್ಷೆ ದಿನ ನಾನೂ ಬರ್ತೀನಿ. ಕೈ ನಡುಗಿದ್ರೆ ಹೇಳು, ಸ್ಟೇರಿಂಗ್ ನಾನು ಹಿಡೀತೀನಿ."

ದೋಣಿಗೆ ಸ್ಟೇರಿಂಗ್ ಇಲ್ಲ, ಎಂಜಿನ್ನಿನ ಹಿಡಿಯನ್ನೇ ತಿರುಗಿಸಬೇಕು ಎಂದು ಹೆಂಡತಿ ಹೇಳಿದಳು. ಸ್ಟೇರಿಂಗ್ ಇಲ್ಲದ ಎಂಜಿನ್ನು ಎಂಜಿನ್ನೇ ಅಲ್ಲ ಎಂದು ಭಾವ ತೀರ್ಪು ಕೊಟ್ಟ. ಅತ್ತೆ ತಲೆದೂಗಿದರು.

ಪರೀಕ್ಷೆಯ ದಿನ ವಾಷರಪ್ಪ ಎಲ್ಲರಿಗಿಂತ ಮುಂಚೆ ಕೆರೆಯ ಕಟ್ಟೆಗೆ ಬಂದ. ಅಧಿಕಾರಿಗಳ ಕಣ್ಣೆದುರು ಕಚೇರಿಯ ಎಂಜಿನ್ನು ಸೋರುವುದನ್ನು ಅವನು ಸಹಿಸಲಾರ. ಚೀಲದಿಂದ ಒಂದು ತುಂಡು ಗಟ್ಟಿ ಮರ ತೆಗೆದು, ತೂತಿನ ಅಳತೆಗೆ ಕೆತ್ತಿ, ಬೆಣೆ ಮಾಡಿದ. ಅದಕ್ಕೆ ಸೆಣಬಿನ ನೂಲು ಸುತ್ತಿದ, ಬಿಳಿ ಅಂಟು ಬಳಿದ, ಹಿಡಿತ ನೋಡಿ ನೋಡಿ ಬಡಿದ. ಅವನ ಕೈಯಿಂದ ಅಂಥ ಕೆಲಸ ಹಿಂದೆ ಆಗಿರಲಿಲ್ಲ, ಮುಂದೆ ಆಗುವುದೂ ಇಲ್ಲ. ಹೆಂಡತಿಗೂ ಹೇಳಲಿಲ್ಲ; ಒಮ್ಮೆಲೇ ನೋಡಿ ಬೆರಗಾಗಲಿ ಎಂದು.

ಬಿಸಿಲೇರುವ ಹೊತ್ತಿಗೆ ಎಂಜಿನಿಯರ್ ಸಾಹೇಬರು ಬಂದರು. ದೋಣಿ ಪರೀಕ್ಷೆ ಮಾಡುವ ಅಧಿಕಾರಿಯೂ ಬಂದರು. ನಗುವುದಕ್ಕೂ ಮೇಲಿನಿಂದ ಅಪ್ಪಣೆ ಬರಬೇಕೆಂದು ಕಾಯುತ್ತಿರುವಂಥ ಮುಖ ಅವರದು. ಹೆಂಡತಿ, ಅತ್ತೆ, ಬಸ್ ಭಾವ ಕಟ್ಟೆಯ ಮೇಲೆ ನಿಂತರು. ಪಕ್ಕದ ಮನೆಯಾಕೆ ಟವೆಲ್ಲಿನ ಗುಟ್ಟು ತಿಳಿಯಲೆಂದೇ ಬಂದಿದ್ದಳು.

ವಾಷರಪ್ಪ ಜಾಕೆಟ್ ಬಿಗಿದ. ಮೂಗು ಮುಂದೆ ಮಾಡಿ ಪೆಟ್ರೋಲ್ ವಾಸನೆ ಇದೆಯೇ ನೋಡಿದ. ಗಾಳಿ ತಿರುಪು ಬಿಚ್ಚಿದ. ರಬ್ಬರ್ ಗುಂಡನ್ನು ಟೊಮೇಟೊ ನೆನೆದು ಮೆಲ್ಲಗೆ ಹಿಸುಕಿದ. ಗೇರನ್ನು ನ್ಯೂಟ್ರಲ್‌ಗೆ ತಂದ. ಕೆಂಪು ದಾರ ಮಣಿಕಟ್ಟಿಗೆ ಸಿಕ್ಕಿಸಿದ. ಚೋಕ್ ಎಳೆದ, ಹಿಂದಕ್ಕೆ ತಿರುಗಿ ನೀರು ನೋಡಿದ, ಹಗ್ಗ ಎಳೆದ. ಕಟ್ಟೆಯ ಮೇಲೆ ಹೆಂಡತಿಯ ತುಟಿಗಳು ಅವನ ಜೊತೆಜೊತೆಗೇ ಅಲುಗುತ್ತಿದ್ದವು. ಎಂಜಿನ್ನು ಒಂದೇ ಎಳೆತಕ್ಕೆ ಶುರುವಾಯಿತು. ಸಾಹೇಬರು ಅಧಿಕಾರಿಯ ಕಡೆ ನೋಡಿ, ತಾವೇ ಹೆತ್ತು ಬೆಳೆಸಿದವನೆಂಬಂತೆ ಬೀಗಿದರು.

ಅಧಿಕಾರಿ ಮಾತ್ರ ಬಗ್ಗಿ ಎಂಜಿನ್ನಿನ ಪಕ್ಕ ನೋಡುತ್ತಿದ್ದರು. "ನೀರು ಎಲ್ಲಿ?" ಎಂದರು.

ವಾಷರಪ್ಪ ಈ ಪ್ರಶ್ನೆಗಾಗಿಯೇ ಬೆಳಗ್ಗಿನಿಂದ ಕಾದಿದ್ದ. ಎದೆ ಸೆಟೆಸಿ ಹೇಳಿದ: "ಒಂದು ಹನಿ ಬರಲ್ಲ, ಸರ್. ನಾನೇ ಬಂದ್ ಮಾಡಿದೀನಿ."

ಅಧಿಕಾರಿ, ಮೊದಲು ಎಂಜಿನ್ ನಿಲ್ಲಿಸಿ ಎಂದರು. ಆಮೇಲೆ ನಿಧಾನವಾಗಿ, ಮಗುವಿಗೆ ಸಾವಿನ ಸುದ್ದಿ ಹೇಳುವವರಂತೆ ವಿವರಿಸಿದರು: ಎಂಜಿನ್ನು ಕೆರೆಯ ನೀರನ್ನೇ ಎಳೆದುಕೊಂಡು ಮೈ ತಂಪು ಮಾಡಿಕೊಂಡು ಆ ತೂತಿನಿಂದ ಹೊರಗೆ ಬಿಡುತ್ತದೆ, ಆ ಎಳೆ ಕಾಣುವವರೆಗೆ ಎಂಜಿನ್ನಿಗೆ ಆರೋಗ್ಯ, ಕಾಣದಿದ್ದರೆ ಆ ಕ್ಷಣವೇ ನಿಲ್ಲಿಸಬೇಕು, ಇಲ್ಲವಾದರೆ ಒಳಗೆ ಕಾದು ಸುಟ್ಟುಹೋಗುತ್ತದೆ.

ವಾಷರಪ್ಪನಿಗೆ ಕೆರೆ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಆದರೆ ಜಾಕೆಟ್ ಹಾಕಿದ್ದ. ಅದಕ್ಕೂ ದಾರಿ ಇರಲಿಲ್ಲ. ಕಟ್ಟೆಯ ಮೇಲೆ ಅತ್ತೆ, ಬಚ್ಚಲಲ್ಲಿ ಕೂತವನು ಬಚ್ಚಲಲ್ಲೇ ಇರಬೇಕಿತ್ತು ಎಂದು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು. ಹೆಂಡತಿ ಮಾತ್ರ ದೂರದ ಗುಡ್ಡದ ಕಡೆ ನೋಡಿದಳು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಬೆಣೆ ತೆಗೆಯಬೇಕಾಯಿತು. ಬಸ್ ಭಾವ ಆಗಲೇ ದೋಣಿಗೆ ಇಳಿದಿದ್ದ. ಇಂಥ ಬೆಣೆಗಳನ್ನು ಬಹಳ ಕಂಡಿದ್ದೇನೆ ಎಂದು ಹೇಳಿ ಇಕ್ಕಳ ಹಾಕಿ ಎಳೆದ, ಕಾಲು ಕೊಟ್ಟು ಎಳೆದ. ಬೆಣೆ ಮಿಸುಕಲಿಲ್ಲ, ಇಕ್ಕಳದ ಹಿಡಿ ಕೈಗೆ ಬಂತು. ಕೊನೆಗೆ ವಾಷರಪ್ಪನೇ ತಲೆ ಎತ್ತದೆ ಹೋಗಿ, ಒಂದು ಕಡೆ ಮೆಲ್ಲಗೆ ತಟ್ಟಿ, ಇನ್ನೊಂದು ಕಡೆ ತಿರುಗಿಸಿ, ಹಾಲುಹಲ್ಲು ಕೀಳುವಂತೆ ತೆಗೆದು, ತಂತಿ ಹಾಕಿ ತೂತು ಚೊಕ್ಕಟ ಮಾಡಿಕೊಟ್ಟ. ಆಮೇಲೆ ದೋಣಿಯ ಮುಂಭಾಗಕ್ಕೆ ಹೋಗಿ ತನ್ನ ಸಾಮಾನುಗಳನ್ನು ಚೀಲಕ್ಕೆ ತುಂಬತೊಡಗಿದ.

ಈ ನಡುವೆ ದೋಣಿ ಅಲೆಗೆ ಹಿಂದೆ ಮುಂದೆ ಆಡುತ್ತಿತ್ತು. ಇಳಿಜಾರಿನಲ್ಲಿ ಬಸ್ ನಿಲ್ಲಿಸಿದರೆ ಉರುಳದಂತೆ ಗೇರಿಗೆ ಹಾಕಿ ಇಳಿಯುವುದು ಭಾವನ ಜೀವಮಾನದ ಅಭ್ಯಾಸ. ಅದೇ ಅಭ್ಯಾಸದಿಂದ ಅವನ ಕೈ ಎಂಜಿನ್ನಿನ ಗೇರನ್ನು ಮುಂದಕ್ಕೆ ತಳ್ಳಿತು. ದೋಣಿ ಉರುಳುವ ವಸ್ತುವಲ್ಲ ಎಂಬ ವಿಚಾರ ಕೈಗೆ ತಿಳಿಯಲಿಲ್ಲ, ತಲೆಯೂ ತಿಳಿಸಲಿಲ್ಲ.

ಅಧಿಕಾರಿ ಕಾಗದ ಮಡಿಚುತ್ತ, ಈ ಮನುಷ್ಯನಿಗೆ ದೋಣಿ ಒಪ್ಪಿಸಲಾಗುವುದಿಲ್ಲ ಎಂದರು. ಹಾಗಾದರೆ ಇನ್ನು ಯಾರು ಎಂದು ಸಾಹೇಬರು ಕೈ ಹಿಸುಕಿಕೊಂಡರು. ಬಸ್ ಭಾವ, ಸರ್ಕಾರ ಕೇಳಿದರೆ ತಾನು ಬಸ್ಸನ್ನೇ ಬಿಟ್ಟು ಬರಲು ಸಿದ್ಧ, ಒಮ್ಮೆ ನೋಡಿ ಎಂದ. ಅಧಿಕಾರಿ ಅರೆಮನಸ್ಸಿನಿಂದ, ಜಾಕೆಟ್ ಹಾಕಿ, ದಾರ ಕೈಗೆ ಕಟ್ಟಿ, ಕೂತು ಶುರು ಮಾಡಿ ಎಂದರು. ಜಾಕೆಟ್ ಹೊಟ್ಟೆಯ ಮೇಲೆ ಹೇಗೋ ಸೇರಿತು.

"ಕೈಗೆ ದಾರ ಕಟ್ಟಿಕೊಳ್ಳೋಕೆ ನಾನೇನು ಗಾಳಿಪಟ ಹಾರಿಸ್ತೀನಾ?" ಎಂದು ಭಾವ ಅದನ್ನು ಎಂಜಿನ್ನಿನ ಹಿಡಿಗೇ ನೇತುಹಾಕಿದ. ಎದ್ದು ನಿಂತು, ಅತ್ತೆಯ ಕಡೆ ಒಮ್ಮೆ ನೋಡಿ, ಹಗ್ಗ ಎಳೆದ.

ಎಂಜಿನ್ನು ಶುರುವಾಯಿತು. ಗೇರಿನಲ್ಲಿದ್ದ ದೋಣಿ, ಕಟ್ಟೆಗೆ ಹಗ್ಗದಲ್ಲಿ ಕಟ್ಟಿದ್ದನ್ನು ಮರೆತು, ಮುಂದಕ್ಕೆ ನೆಗೆಯಿತು. ದೋಣಿ ಮುಂದೆ ಹೋಯಿತು, ಭಾವ ಇದ್ದಲ್ಲೇ ಉಳಿದ. ಮರುಕ್ಷಣ ಆ ಜಾಗದಲ್ಲಿ ದೋಣಿ ಇರಲಿಲ್ಲ, ಬರೀ ಕೆರೆ ಇತ್ತು. ಧೊಪ್ಪೆಂದ ಸದ್ದಿಗೆ ಕಟ್ಟೆ ಒದ್ದೆಯಾಯಿತು. ಹಗ್ಗ ಬಿಗಿದು ನಿಂತ ದೋಣಿ ಬುಗುರಿಯ ಹಾಗೆ ಸುತ್ತತೊಡಗಿತು. ಅದರ ಬಾಲದಲ್ಲಿ ನೀರೊಳಗಿನ ಫ್ಯಾನು ಗರ್ರೆನ್ನುತ್ತ, ಕಿತ್ತಳೆ ಬಣ್ಣದಲ್ಲಿ ತೇಲುತ್ತಿದ್ದ ಭಾವನ ಕಡೆಗೇ ತಿರುಗಿತು. ಭಾವ ನೀರಿನಲ್ಲಿ ಬಲಗಾಲಿನಿಂದ ತುಳಿದು ತುಳಿದು, "ಇದಕ್ಕೆ ಬ್ರೇಕ್ ಎಲ್ಲಯ್ಯಾ?" ಎಂದು ಕೂಗಿದ.

ಸಾಹೇಬರು ಅಧಿಕಾರಿಯ ತೋಳು ಹಿಡಿದರು. ಅಧಿಕಾರಿ ಕಟ್ಟೆಯ ಕಂಬ ಹಿಡಿದರು. ವಾಷರಪ್ಪ ಯಾರನ್ನೂ ಹಿಡಿಯಲಿಲ್ಲ, ಕೂಗಲೂ ಇಲ್ಲ. ಪೈಪು ಒಡೆದು ಬೀದಿ ಹೊಳೆಯಾದಾಗ ಜನ ಬಾಯಿ ಬಡಿದುಕೊಳ್ಳುತ್ತಾರೆ. ನೀರಿನ ಕೆಲಸದವನು ಮಾತ್ರ ಮುಚ್ಚುವ ಗೇಟಿನ ಕಡೆ ಓಡುತ್ತಾನೆ. ಆ ಓಟ ಅವನ ರಕ್ತದಲ್ಲಿತ್ತು. ಸವೆದ ಮೊಣಕಾಲುಗಳ ಮೇಲೆಯೇ ಹಲಗೆಗಳನ್ನು ದಾಟಿ ತೆವಳಿ, ಹಿಡಿಗೆ ನೇತಾಡುತ್ತಿದ್ದ ಕೆಂಪು ದಾರವನ್ನು ಹಿಡಿದು ಎಳೆದುಬಿಟ್ಟ.

ಎಂಜಿನ್ನು ಬಾಯಿ ಮುಚ್ಚಿತು. ಫ್ಯಾನು ನಿಂತಾಗ ಅದಕ್ಕೂ ಭಾವನಿಗೂ ನಡುವೆ ಒಂದು ಹುಟ್ಟಿನಷ್ಟೇ ಅಂತರ. ವಾಷರಪ್ಪ ದೋಣಿಯಲ್ಲಿದ್ದ ಹುಟ್ಟನ್ನೇ ಚಾಚಿ, "ಹಿಡ್ಕೊಳ್ಳಿ ಭಾವ. ನಿಧಾನ, ಈ ಕಡೆಯಿಂದ ಬನ್ನಿ" ಎಂದು ಕಟ್ಟೆಗೆ ಮುಟ್ಟಿಸಿದ.

ಅಧಿಕಾರಿ ಮಡಿಚಿದ ಕಾಗದವನ್ನು ಬಿಚ್ಚಿದರು.

"ಶುರು ಮಾಡೋದನ್ನ ಯಾರಿಗೆ ಬೇಕಾದ್ರೂ ಕಲಿಸಬಹುದು. ನಿಲ್ಲಿಸಬೇಕು ಅಂತ ಮೊದಲು ಹೊಳೆಯೋದನ್ನ ಕಲಿಸೋಕೆ ಆಗಲ್ಲ. ನೀವು ಇನ್ನೊಂದು ಸಲ ಶುರು ಮಾಡಿ."

ವಾಷರಪ್ಪ ಮೊದಲಿನಿಂದ ಶುರು ಮಾಡಿದ. ವಾಸನೆ ನೋಡಿದ, ಗಾಳಿ ತಿರುಪು ನೋಡಿದ, ಗೇರನ್ನು ನ್ಯೂಟ್ರಲ್‌ಗೆ ತಂದ, ದಾರ ಮಣಿಕಟ್ಟಿಗೆ ಸಿಕ್ಕಿಸಿದ. ಹಿಂದಕ್ಕೆ ತಿರುಗಿ ನೋಡಿದಾಗ ನೀರಿನಲ್ಲಿ ಭಾವನ ಒಂದು ಚಪ್ಪಲಿ ತೇಲುತ್ತಿತ್ತು. ಅದನ್ನೂ ಎತ್ತಿ ಕಟ್ಟೆಗಿಟ್ಟ. ಹಗ್ಗ ಎಳೆದ. ಎಂಜಿನ್ನು ಗುನುಗಿತು, ಪಕ್ಕದಿಂದ ನೀರಿನ ಎಳೆ ಬಿಸಿಲಿನಲ್ಲಿ ಹೊಳೆಯುತ್ತ ಹೊರಬಂತು. ಜೀವಮಾನದಲ್ಲಿ ಮೊದಲ ಬಾರಿಗೆ ಸೋರುವುದನ್ನು ನೋಡಿ ಅವನ ಕಣ್ಣು ತುಂಬಿತು. ಸ್ವಲ್ಪ ಹೊತ್ತು ಎಂಜಿನ್ ಬಿಸಿಯಾಗಲು ಬಿಟ್ಟು, ಹಗ್ಗ ಬಿಚ್ಚಿಸಿ, ಮೆಲ್ಲಗೆ ಗೇರಿಗೆ ಹಾಕಿದ. ಇಬ್ಬರು ಅಧಿಕಾರಿಗಳನ್ನೂ ಗೋಪುರಕ್ಕೆ ಕರೆದೊಯ್ದು, ತೂಬು ತೋರಿಸಿ, ಕಟ್ಟೆಗೆ ಹೂವಿನ ಬುಟ್ಟಿ ಇಡುವ ಹಾಗೆ ತಂದು ತಾಗಿಸಿದ. ಅಧಿಕಾರಿ ಇಳಿಯುತ್ತಲೇ, ನಾಳೆಯಿಂದ ಈ ದೋಣಿ ಇವರದು ಎಂದರು. ಹೇಳಿ ನಕ್ಕರು ಕೂಡ, ಅಪ್ಪಣೆ ಬಂದಿರಬೇಕು.

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನು ಗುಡ್ಡದ ಕಡೆ ನೋಡುವ ಅಗತ್ಯ ಅವಳಿಗಿರಲಿಲ್ಲ.

ಅಷ್ಟರಲ್ಲಿ ಯಾರೂ ಕರೆಯದೆ ಅತ್ತೆ ದೋಣಿಗೆ ಇಳಿದರು. ಕೈಚೀಲ ಎದೆಗವಚಿಕೊಂಡು ನಡುವೆ ಕಂಬದ ಹಾಗೆ ನಿಂತು, ಹೊರಡು ಎಂದು ಅಪ್ಪಣೆ ಮಾಡಿದರು.

"ಜಾಕೆಟ್ ಹಾಕಿಕೊಂಡು ಕೂತ್ಕೊಳ್ಳಿ, ಅತ್ತೆ" ಎಂದ ವಾಷರಪ್ಪ. "ನಿಂತಿದ್ರೆ ನಾನು ಎಂಜಿನ್ ಮುಟ್ಟಲ್ಲ."

ಆ ಮನೆತನದ ಚರಿತ್ರೆಯಲ್ಲಿ ಯಾವ ಅಳಿಯನೂ ಅತ್ತೆಗೆ ಇಂಥದ್ದು ಮಾಡಿ ಎಂದು ಹೇಳಿದ ದಾಖಲೆಯಿಲ್ಲ. ಅತ್ತೆ ನೀರನ್ನು ನೋಡಿದರು, ಎಂಜಿನ್ನನ್ನು ನೋಡಿದರು, ಅಳಿಯನ ಮಣಿಕಟ್ಟಿನ ಕೆಂಪು ದಾರವನ್ನು ನೋಡಿದರು. ಆಮೇಲೆ ಜಾಕೆಟ್ ತೊಟ್ಟು ಕೂತರು.

ದೋಣಿ ಕೆರೆಯನ್ನು ಒಂದು ಸುತ್ತು ಬಂತು. ಬಸ್ ಭಾವ ಒದ್ದೆ ಪ್ಯಾಂಟಿನಲ್ಲಿ ಕಟ್ಟೆಯ ಮೇಲೆ ನಿಂತು ಹಗ್ಗ ಹಿಡಿಯಲು ಕೈ ಚಾಚಿದ. ಅತ್ತೆ ಏಳಲಿಲ್ಲ. ಗೋಪುರದ ಹತ್ತಿರ ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ, ದೋಣಿ ಬೇಕಿತ್ತು ಎಂದು ಎಂಜಿನಿಯರ್ ಸಾಹೇಬರು ಕಟ್ಟೆಯಿಂದ ವಿನಯವಾಗಿಯೇ ಕೇಳಿದರು.

"ಸ್ವಲ್ಪ ತಡೀರಿ ಸಾಹೇಬ್ರೇ" ಎಂದರು ಅತ್ತೆ, ಮುಖವನ್ನು ಗಾಳಿಗೆ ಒಡ್ಡಿ. "ನಮ್ಮ ಅಳಿಯಂದಿರು ಇನ್ನೊಂದು ಸುತ್ತು ಹಾಕ್ತಾರೆ."